ಹೊಸ್ತಿಲಲ್ಲಿ ಇಳಿಯದ ಕ್ಯಾಮೆರಾ

ಪುಣೆಯ ಹಿಂಜವಡಿಯ ಆಫೀಸು, ತಿಂಗಳ ಕೊನೆಯ ಶನಿವಾರ ರಾತ್ರಿ. ನಮ್ಮ ಬಿಲ್ಲಿಂಗ್ ಸರ್ವಿಸ್ ಸುಮ್‌ಸುಮ್ನೆ ನಿಂತುಬಿಡುತ್ತಿತ್ತು. ಲಾಗ್‌ನಲ್ಲಿ ಏನೂ ಇಲ್ಲ. ಕೊನೆಗೆ ಅದನ್ನು ಎಸ್‌ಟ್ರೇಸ್ ಕೆಳಗೆ, ಅಂದರೆ ಪ್ರೋಗ್ರಾಮ್ ಏನೇನು ಮಾಡುತ್ತಿದೆ ಎಂದು ಸಾಲು ಸಾಲಾಗಿ ತೋರಿಸುವ ಸಾಧನದ ಕೆಳಗೆ, ಮತ್ತೆ ಶುರು ಮಾಡಿದೆ. ಐದೇ ನಿಮಿಷದಲ್ಲಿ ಕಾರಣ ಸಿಕ್ಕಿತು. ಯಾವತ್ತೋ ತೆಗೆದುಹಾಕಿದ್ದ ಡಿಎನ್‌ಎಸ್ ಸರ್ವರ್ ಒಂದರ ಉತ್ತರಕ್ಕೆ ಅದು ಕಾಯುತ್ತ ಕೂತಿತ್ತು. ಆ ಖುಷಿಯಲ್ಲಿ ಇಡೀ ಔಟ್‌ಪುಟ್ ಅನ್ನು ಟಿಕೆಟ್‌ಗೆ ಅಂಟಿಸಿ ಮನೆಗೆ ಹೊರಟೆ. ವಾಕಡ್ ತಲುಪುವಷ್ಟರಲ್ಲಿ ಫೋನ್ ಬಂತು. ನಮ್ಮ ತಂಡದ ಹುಡುಗ, ಧಾರವಾಡದವ.

"ಸರ್ರ, ಆ ಟಿಕೆಟ್ ಒಮ್ಮೆ ನೋಡ್ರಿ. ಡೇಟಾಬೇಸ್ ಪಾಸ್‌ವರ್ಡ್ ಹಂಗ ಕಾಣಾಕತ್ತೈತಿ."

ನಿಜವಾಗಿತ್ತು. ಎಸ್‌ಟ್ರೇಸ್ ತಾನಾಗಿ ಬಿಟ್ಟರೆ ಒಂದೊಂದು ಸ್ಟ್ರಿಂಗ್‌ನ ಮೊದಲ 32 ಅಕ್ಷರ ಮಾತ್ರ ತೋರಿಸುತ್ತದೆ. ಪೂರ್ತಿ ಕಾಣಲಿ ಎಂದು ನಾನೇ ಅದನ್ನು 2000ಕ್ಕೆ ಏರಿಸಿದ್ದೆ. ಸರ್ವಿಸ್ ಶುರುವಾಗುವಾಗ ತನ್ನ ಕಾನ್ಫಿಗ್ ಫೈಲ್ ಓದುತ್ತದಲ್ಲ, ಆ ಫೈಲಿನ ಒಳಗಿನದ್ದೆಲ್ಲ ಔಟ್‌ಪುಟ್‌ನಲ್ಲಿ ಬಂದಿತ್ತು. ಟಿಕೆಟ್ ಅಳಿಸಿ, ಪಾಸ್‌ವರ್ಡ್ ಬದಲಿಸಿ ಮಲಗುವಾಗ ಎರಡು ಗಂಟೆ.

ಅಲ್ಲಿ ಎಸ್‌ಟ್ರೇಸ್‌ನ ತಪ್ಪು ಏನೂ ಇರಲಿಲ್ಲ. ನಾನು ರೂಟ್, ಅಂದರೆ ಮಶೀನಿನ ಮೇಲೆ ಪೂರ್ತಿ ಅಧಿಕಾರ ಇರುವ ಬಳಕೆದಾರ ಆಗಿದ್ದೆ, ನೋಡಲು ಹಕ್ಕಿತ್ತು, ನೋಡಿದೆ. ದಡ್ಡತನ ನನ್ನದು. ಆದರೆ ಆ ಹಕ್ಕು ಇಲ್ಲದವನಿಗೂ ಇಷ್ಟೇ ಸಲೀಸಾಗಿ ಕಾಣುವಂತಿದ್ದರೆ? 2024ರ ಆಗಸ್ಟ್ 7ರಂದು, ಯೂನಿಕ್ಸ್ ಬಳಗದ ಆಪರೇಟಿಂಗ್ ಸಿಸ್ಟಮ್ ಆದ ಫ್ರೀಬಿಎಸ್‌ಡಿಯ ತಂಡ ಹೊರಡಿಸಿದ ಒಂದು ಭದ್ರತಾ ಸೂಚನೆ ಇದೇ ಬಗೆಯದು. ಆ ದೋಷದ ಗುರುತಿನ ಸಂಖ್ಯೆ ಸಿವಿಇ-2024-6760. ಅಲ್ಲಿನ ಕೆಟ್ರೇಸ್ ಎಂಬ ಟ್ರೇಸಿಂಗ್ ಸಾಧನ ನಿಲ್ಲಬೇಕಾದ ಜಾಗದಲ್ಲಿ ನಿಲ್ಲುತ್ತಿರಲಿಲ್ಲ. ಅದರಿಂದಾಗಿ ಮಾಮೂಲಿ ಬಳಕೆದಾರನೊಬ್ಬ ತಾನು ಓದಬಾರದ ಫೈಲುಗಳನ್ನು, ಪಾಸ್‌ವರ್ಡ್ ಡೇಟಾಬೇಸನ್ನೂ ಸೇರಿಸಿ, ಓದಬಹುದಾಗಿತ್ತು. ಆಗ ಬೆಂಬಲದಲ್ಲಿದ್ದ ಎಲ್ಲ ಆವೃತ್ತಿಗಳಲ್ಲೂ ಈ ತೊಂದರೆ ಇತ್ತು.

ಇದು ದೊಡ್ಡ ಸುದ್ದಿಯಾಗಲಿಲ್ಲ. ಆಗಬೇಕಿತ್ತು ಎಂದು ನಾನು ಹಟ ಹಿಡಿಯುವುದೂ ಇಲ್ಲ. ಆದರೆ ಈ ಬಗೆಯ ದೋಷ ಯೂನಿಕ್ಸ್ ಬಳಗದಲ್ಲಿ ಬೇರೆ ಬೇರೆ ವೇಷದಲ್ಲಿ ಮರಳಿ ಮರಳಿ ಬರುತ್ತಲೇ ಇದೆ. ಯಾಕೆ ಅನ್ನುವುದನ್ನು ನೋಡಬೇಕು. ಪುಣೆಯಲ್ಲಿ ಸರ್ವರ್ ನೋಡಿಕೊಳ್ಳುವ ನಮ್ಮಂಥವರು ಬೇಕಾದಷ್ಟು ಜನ ಇದ್ದೇವೆ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಬಂದು ಇಲ್ಲೇ ಬೇರೂರಿದವರು. ನಮ್ಮ ದಿನದ ಕೆಲಸಕ್ಕೂ ಈ ವಿಷಯಕ್ಕೂ ನೇರ ನಂಟಿದೆ.

ಮೊದಲು ಟ್ರೇಸಿಂಗ್ ಅಂದರೇನು ನೋಡೋಣ. ಒಂದು ಪ್ರೋಗ್ರಾಮ್ ತಾನೇ ಫೈಲ್ ತೆರೆಯಲಾರದು, ನೆಟ್‌ವರ್ಕ್‌ಗೆ ಏನನ್ನೂ ಕಳಿಸಲಾರದು. ಪ್ರತಿಯೊಂದಕ್ಕೂ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನ ಹತ್ತಿರ ಕೇಳಬೇಕು. ಈ ಕೇಳಿಕೆಗೆ ಸಿಸ್ಟಮ್ ಕಾಲ್ ಎಂದು ಹೆಸರು. ಟ್ರೇಸಿಂಗ್ ಸಾಧನ ಇವೆರಡರ ನಡುವೆ ಕೂತು ಎಲ್ಲ ಬರೆದುಕೊಳ್ಳುತ್ತದೆ. ಯಾವ ಫೈಲ್ ತೆರೆಯಿತು, ಎಷ್ಟು ಬೈಟ್ ಓದಿತು, ಓದಿದ್ದರಲ್ಲಿ ಏನಿತ್ತು, ಎಲ್ಲವನ್ನೂ. ಲಿನಕ್ಸ್‌ನ ಎಸ್‌ಟ್ರೇಸ್ ನಮಗೆಲ್ಲ ಗೊತ್ತು. ಅದನ್ನು 1991ರಲ್ಲಿ ಪಾಲ್ ಕ್ರಾನೆನ್‌ಬರ್ಗ್ ಮೊದಲು ಬರೆದಿದ್ದು ಸನ್‌ಓಎಸ್‌ಗಾಗಿ. ಅದರ ಅಡಿಯಲ್ಲಿರುವ ಪಿಟ್ರೇಸ್ ಎಂಬ ಸಿಸ್ಟಮ್ ಕಾಲ್ ಇನ್ನೂ ಹಳೆಯದು, 1975ರ ಆರನೇ ಆವೃತ್ತಿಯ ಯೂನಿಕ್ಸ್‌ನಲ್ಲೇ ಇತ್ತು. ಬಿಎಸ್‌ಡಿ ಕಡೆಯವರದ್ದು ಕೆಟ್ರೇಸ್. ಅದು ತಾನು ಕಂಡಿದ್ದನ್ನೆಲ್ಲ ಒಂದು ಫೈಲಿಗೆ ತುಂಬುತ್ತದೆ. ಆಮೇಲೆ ಕೆಡಂಪ್ ಎಂಬ ಇನ್ನೊಂದು ಕಮಾಂಡ್‌ನಿಂದ ಅದನ್ನು ಬಿಡಿಸಿ ಓದಿಕೊಳ್ಳಬೇಕು.

ಒಂದು ವ್ಯತ್ಯಾಸವನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಕೆಟ್ರೇಸ್ ಸುಮ್ಮನೆ ನೋಡುತ್ತದೆ, ಅಷ್ಟೇ. ಪಿಟ್ರೇಸ್‌ಗೆ ಕೈಯೂ ಇದೆ. ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸಬಹುದು, ಅದರ ಮೆಮೊರಿಯನ್ನು ತಿದ್ದಬಹುದು, ತನಗೆ ಬೇಕಾದ ಕೋಡನ್ನು ಅದರೊಳಗೆ ತುರುಕಬಹುದು. ಡಿಬಗ್ಗರ್‌ಗಳೆಲ್ಲ ನಡೆಯುವುದೇ ಇದರ ಮೇಲೆ.

ನಿಮ್ಮ ಪ್ರೋಗ್ರಾಮನ್ನು ನೀವು ಟ್ರೇಸ್ ಮಾಡಿದರೆ ಯಾರ ತಕರಾರೂ ಇಲ್ಲ. ನೀವು ಓದಬಹುದಾದದ್ದನ್ನೇ ಅದೂ ಓದುತ್ತದೆ. ಬೇರೆಯವರ ಪ್ರೋಗ್ರಾಮನ್ನು ಟ್ರೇಸ್ ಮಾಡಲು ಹೋದರೆ ಕರ್ನಲ್ ಬಿಡುವುದಿಲ್ಲ. ಇಲ್ಲಿಯವರೆಗೆ ಸರಳ. ತಲೆನೋವು ಶುರುವಾಗುವುದು ನಡುದಾರಿಯಲ್ಲಿ ಅಧಿಕಾರ ಬದಲಾಗುವ ಪ್ರೋಗ್ರಾಮ್‌ಗಳಿಂದ. ಯೂನಿಕ್ಸ್‌ನಲ್ಲಿ ಅಂಥವು ಇವೆ. ಅವಕ್ಕೆ ಸೆಟ್‌ಯುಐಡಿ ಪ್ರೋಗ್ರಾಮ್ ಎನ್ನುತ್ತಾರೆ.

ಸೆಟ್‌ಯುಐಡಿ ಡೆನ್ನಿಸ್ ರಿಚಿಯವರ ತಲೆಯಿಂದ ಬಂದ ಉಪಾಯ. ಬೆಲ್ ಲ್ಯಾಬ್ಸ್‌ನಲ್ಲಿದ್ದಾಗ 1973ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ್ದರು, 1979ರಲ್ಲಿ ಸಿಕ್ಕಿತು. ಉಪಾಯ ಹೀಗಿದೆ: ನಿಮ್ಮ ಪಾಸ್‌ವರ್ಡನ್ನು ನೀವೇ ಬದಲಿಸಿಕೊಳ್ಳಬೇಕು. ಆದರೆ ಪಾಸ್‌ವರ್ಡ್ ಫೈಲನ್ನು ರೂಟ್ ಬಿಟ್ಟು ಬೇರೆ ಯಾರೂ ಮುಟ್ಟಬಾರದು. ಹಾಗಾಗಿ ಪಾಸ್‌ವರ್ಡ್ ಬದಲಿಸುವ ಪ್ರೋಗ್ರಾಮ್ ಮೇಲೆ ಒಂದು ಗುರುತು ಹಾಕಿಡುತ್ತಾರೆ. ಅದನ್ನು ಯಾರೇ ಓಡಿಸಲಿ, ಅದು ಓಡುವುದು ರೂಟ್ ಅಧಿಕಾರದಲ್ಲಿ.

ನನ್ನ ಹೆಂಡತಿಗೆ ಇದನ್ನು ದೇವಸ್ಥಾನದ ಉದಾಹರಣೆ ಕೊಟ್ಟು ಹೇಳಿದ್ದೆ. ಗರ್ಭಗುಡಿಗೆ ನಾವು ಹೋಗುವಂತಿಲ್ಲ. ಅರ್ಚಕರು ನಮ್ಮ ಪರವಾಗಿ ಒಳಗೆ ಹೋಗಿ, ಅರ್ಚನೆ ಮಾಡಿ, ತೀರ್ಥ ತಂದು ಕೊಡುತ್ತಾರೆ. ಸೆಟ್‌ಯುಐಡಿ ಪ್ರೋಗ್ರಾಮ್ ಅಂದರೆ ಆ ಅರ್ಚಕರು. ಕೆಲಸ ನಮ್ಮದು, ಒಳಗೆ ಹೋಗುವ ಹಕ್ಕು ಅವರದು. ಈಗ ನಾನು ಅರ್ಚಕರ ಹೆಗಲಿಗೆ ಒಂದು ಪುಟ್ಟ ಕ್ಯಾಮೆರಾ ಸಿಕ್ಕಿಸಿದೆ ಅಂದುಕೊಳ್ಳಿ. ಪ್ರಾಕಾರದಲ್ಲಿ ಓಡಾಡುವಷ್ಟು ಹೊತ್ತು ಯಾರಿಗೂ ತೊಂದರೆ ಇಲ್ಲ. ಅವರು ಹೊಸ್ತಿಲು ದಾಟಿದ ಕೂಡಲೇ ಆ ಕ್ಯಾಮೆರಾ ನನಗೆ ಗರ್ಭಗುಡಿಯ ಒಳಗನ್ನು ತೋರಿಸಲು ಶುರು ಮಾಡುತ್ತದೆ. ನಾನಂತೂ ಹೊರಗೇ ಇದ್ದೇನೆ! "ಹಾಗಾದ್ರೆ ಹೊಸ್ತಿಲಲ್ಲಿ ಯಾರಾದ್ರೂ ನಿಂತು ಕ್ಯಾಮೆರಾ ತೆಗೀಬೇಕಲ್ವಾ" ಅಂದಳು. ಅದೇ ಪ್ರಶ್ನೆ. ಆಪರೇಟಿಂಗ್ ಸಿಸ್ಟಮ್‌ಗಳು ಅದಕ್ಕೆ ಎರಡು ಬೇರೆ ಬೇರೆ ಉತ್ತರ ಕೊಟ್ಟಿವೆ. ನನಗೆ ಇಡೀ ವಿಷಯದಲ್ಲಿ ಸ್ವಾರಸ್ಯ ಕಂಡಿದ್ದು ಇಲ್ಲೇ.

ಪಿಟ್ರೇಸ್ ವಿಷಯದಲ್ಲಿ ಲಿನಕ್ಸ್ ಕೊಟ್ಟ ಉತ್ತರ: ಕ್ಯಾಮೆರಾ ಇದ್ದರೆ ಇರಲಿ, ಆದರೆ ಕ್ಯಾಮೆರಾ ಹೊತ್ತವರಿಗೆ ಒಳಗೆ ಪ್ರವೇಶ ಇಲ್ಲ. ಬೇಕಾದರೆ ನಿಮ್ಮ ಲಿನಕ್ಸ್ ಡಬ್ಬಿಯಲ್ಲೇ ನೋಡಿ. ಮಾಮೂಲಿ ಬಳಕೆದಾರನಾಗಿ, ರೂಟ್ ಅಧಿಕಾರದಲ್ಲಿ ಕೆಲಸ ಮಾಡಿಸುವ ಸುಡೊ ಕಮಾಂಡನ್ನು ಎಸ್‌ಟ್ರೇಸ್ ಕೆಳಗೆ ಓಡಿಸಿ. ಅದು ಕೆಲಸ ಮಾಡುವುದಿಲ್ಲ, ಗೊಣಗಿ ಹೊರಗೆ ಬರುತ್ತದೆ. ಟ್ರೇಸ್ ಆಗುತ್ತಿರುವ ಪ್ರೋಗ್ರಾಮ್‌ಗೆ ಕರ್ನಲ್ ರೂಟ್ ಬಡ್ತಿಯನ್ನೇ ಕೊಡುವುದಿಲ್ಲ.

ಫ್ರೀಬಿಎಸ್‌ಡಿಯ ಕೆಟ್ರೇಸ್ ಹಿಡಿದ ದಾರಿ ಇನ್ನೊಂದು: ಅರ್ಚಕರು ಒಳಗೆ ಹೋಗಲಿ, ಹೊಸ್ತಿಲಲ್ಲಿ ಕ್ಯಾಮೆರಾ ಕಿತ್ತುಬಿಡೋಣ. ಪ್ರೋಗ್ರಾಮ್‌ಗೆ ಬಡ್ತಿ ಸಿಗುತ್ತದೆ, ಟ್ರೇಸಿಂಗ್ ಅಲ್ಲಿಗೆ ನಿಲ್ಲುತ್ತದೆ. ಬಳಸುವವನಿಗೆ ಇದು ಅನುಕೂಲ, ಕಮಾಂಡ್ ಮುರಿದು ಬೀಳುವುದಿಲ್ಲ.

ಎರಡೂ ಸರಿಯಾಗಿ ನಡೆದಾಗ ಎರಡೂ ಸುರಕ್ಷಿತ. ತಪ್ಪಿದಾಗ ಏನಾಗುತ್ತದೆ? ಲಿನಕ್ಸ್ ದಾರಿಯಲ್ಲಿ ಬಡ್ತಿ ಕೊಡುವ ಹೆಜ್ಜೆ ಕೈತಪ್ಪಿದರೆ ಕೆಲಸ ಆಗುವುದಿಲ್ಲ ಅಷ್ಟೇ. ಕೆಟ್ರೇಸ್ ದಾರಿಯಲ್ಲಿ ಬಡ್ತಿ ತಾನಾಗಿ ಸಿಗುತ್ತದೆ. ಕ್ಯಾಮೆರಾ ಕೀಳುವುದು ಬೇರೆಯದೇ ಒಂದು ಹೆಜ್ಜೆ. ಆ ಒಂದು ಹೆಜ್ಜೆ ಎಡವಿದರೆ ಗರ್ಭಗುಡಿ ಬಟಾಬಯಲು. 2024ರಲ್ಲಿ ಆಗಿದ್ದು ಇದೇ. ಸೆಟ್‌ಯುಐಡಿ ಪ್ರೋಗ್ರಾಮ್ ಬಂದಾಗ ಟ್ರೇಸಿಂಗ್ ನಿಲ್ಲಿಸುವ ಕೋಡ್ ಇತ್ತು. ಅದರಲ್ಲಿ ಒಂದು ತರ್ಕದ ತಪ್ಪು ಸೇರಿಕೊಂಡಿತ್ತು. ನಿಲ್ಲಿಸಬೇಕಾದಾಗ ಅದು ನಿಲ್ಲಿಸುತ್ತಿರಲಿಲ್ಲ.

ಇದರಿಂದ ಸಿಗುವುದೇನು? ಕೆಟ್ರೇಸ್ ಬರೀ ಯಾವ ಫೈಲ್ ತೆರೆಯಿತು ಎಂದಷ್ಟೇ ಬರೆದುಕೊಳ್ಳುವುದಿಲ್ಲ. ಓದಿದ ಡೇಟಾವನ್ನೂ ಬರೆದುಕೊಳ್ಳಬಲ್ಲದು. ಬಳಕೆದಾರ ಬದಲಿಸುವ 'ಸು' ಕಮಾಂಡನ್ನು ತೆಗೆದುಕೊಳ್ಳಿ. ನೀವು ಕೊಟ್ಟ ಪಾಸ್‌ವರ್ಡ್ ಸರಿಯೋ ತಪ್ಪೋ ನೋಡಲು ಅದು ಪಾಸ್‌ವರ್ಡ್ ಡೇಟಾಬೇಸನ್ನು ಓದಲೇಬೇಕು. ಅದು ಓದಿದ್ದು ಕೆಟ್ರೇಸ್ ಫೈಲಿಗೆ ಬೀಳುತ್ತದೆ. ಆ ಫೈಲ್ ನಿಮ್ಮದೇ. ಸರಿಯಾದ ಪಾಸ್‌ವರ್ಡ್ ನಿಮಗೆ ಗೊತ್ತಿರಬೇಕು ಎಂದೂ ಇಲ್ಲ, ತಪ್ಪಾಗಿ ಕೊಟ್ಟರೂ ಅದು ಓದಿಯೇ ನೋಡಬೇಕಲ್ಲ. ಕೈಗೆ ಸಿಗುವುದು ನೇರ ಪಾಸ್‌ವರ್ಡ್ ಅಲ್ಲ, ಹ್ಯಾಶ್, ಅಂದರೆ ನೇರವಾಗಿ ಹಿಂದಕ್ಕೆ ಬಿಡಿಸಲಾಗದಂತೆ ಕಲಸಿದ ರೂಪ. ಆದರೆ ಹ್ಯಾಶ್ ಕೈಗೆ ಬಂದರೆ ಮನೆಗೆ ಒಯ್ದು, ಗ್ರಾಫಿಕ್ಸ್ ಕಾರ್ಡ್ ಹಚ್ಚಿ, ಯಾರಿಗೂ ಗೊತ್ತಾಗದಂತೆ ದಿನಗಟ್ಟಲೆ ಊಹಿಸುತ್ತ ಕೂರಬಹುದು. ಊರಿನ ಹೆಸರಿನ ಮುಂದೆ 123 ಸೇರಿಸಿದಂಥ ಪಾಸ್‌ವರ್ಡ್ ಎಷ್ಟು ಹೊತ್ತು ನಿಲ್ಲುತ್ತದೆ ಹೇಳಿ.

ಹಾಗಾದರೆ ಲಿನಕ್ಸ್ ಗೆದ್ದಿತಾ? ಅಷ್ಟು ಸುಲಭವಾಗಿ ಬೆನ್ನು ತಟ್ಟಿಕೊಳ್ಳುವ ಹಾಗಿಲ್ಲ. "ಕ್ಯಾಮೆರಾ ಇದ್ದವರಿಗೆ ಬಡ್ತಿ ಇಲ್ಲ" ಎಂಬ ನಿಯಮಕ್ಕೆ ಒಂದು ವಿನಾಯಿತಿ ಇದೆ. ಟ್ರೇಸ್ ಮಾಡುತ್ತಿರುವವನೇ ರೂಟ್ ಆಗಿದ್ದರೆ ಬಡ್ತಿ ಕೊಡಬಹುದು. ಅವನಿಂದ ಮುಚ್ಚಿಡುವುದು ಏನೂ ಇಲ್ಲವಲ್ಲ. ಹಾಗಾಗಿ ಟ್ರೇಸಿಂಗ್ ಶುರುವಾಗುವಾಗ ಟ್ರೇಸ್ ಮಾಡುವವನು ಯಾರು, ಅವನ ಅಧಿಕಾರ ಎಷ್ಟು ಎಂದು ಕರ್ನಲ್ ಬರೆದಿಟ್ಟುಕೊಳ್ಳುತ್ತದೆ. 2019ರಲ್ಲಿ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡದ ಯಾನ್ ಹಾರ್ನ್ ತೋರಿಸಿಕೊಟ್ಟ ದೋಷ ಈ ಬರೆದಿಟ್ಟುಕೊಳ್ಳುವ ಜಾಗದಲ್ಲೇ ಇತ್ತು. ಸಿವಿಇ-2019-13272.

ಅದರ ಕಥೆ ಸ್ವಲ್ಪ ಸುತ್ತುಬಳಸಿನದು, ಆದರೆ ಚಂದ ಇದೆ. ಪಿಟ್ರೇಸ್‌ನಲ್ಲಿ ಮಗು ಪ್ರೋಗ್ರಾಮ್ ತಾನೇ "ಅಪ್ಪಾ, ನನ್ನನ್ನು ಟ್ರೇಸ್ ಮಾಡು" ಎಂದು ಹೇಳುವ ಒಂದು ಸೌಲಭ್ಯ ಇದೆ. ಹಾಗೆ ಹೇಳಿದಾಗ ಕರ್ನಲ್ ಅಪ್ಪನ ಆ ಕ್ಷಣದ ಅಧಿಕಾರವನ್ನು ಗುರುತು ಹಾಕಿಕೊಳ್ಳುತ್ತಿತ್ತು. ದಾಳಿ ಮಾಡುವವನು ಏನು ಮಾಡಬಹುದಿತ್ತು ಅಂದರೆ, ಅಪ್ಪ ಪ್ರೋಗ್ರಾಮ್ ಪಿಕೆಎಕ್ಸೆಕ್ ಎಂಬ ಸೆಟ್‌ಯುಐಡಿ ಪ್ರೋಗ್ರಾಮ್ ಆಗಿ ಬದಲಾಗುವಂತೆ ಮಾಡುವುದು. ಆ ಗಳಿಗೆಯಲ್ಲಿ ಅಪ್ಪ ರೂಟ್. ಸರಿಯಾಗಿ ಆಗಲೇ ಮಗು "ಟ್ರೇಸ್ ಮಾಡು" ಅನ್ನುತ್ತದೆ. ಕರ್ನಲ್ ತನ್ನ ಪುಸ್ತಕದಲ್ಲಿ "ಟ್ರೇಸ್ ಮಾಡುವವನು ರೂಟ್" ಎಂದು ಬರೆದುಕೊಳ್ಳುತ್ತದೆ. ಆಮೇಲೆ ಅಪ್ಪ ಅಧಿಕಾರ ಬಿಟ್ಟು ಮಾಮೂಲಿಯಾಗಿ ಕೆಳಗೆ ಇಳಿಯುತ್ತಾನೆ, ದಾಳಿಕೋರನ ಹಿಡಿತಕ್ಕೆ ಬರುತ್ತಾನೆ. ಪುಸ್ತಕದಲ್ಲಿ ಮಾತ್ರ ಹಳೇ ಸಾಲು ಹಾಗೇ ಇದೆ. ಈಗ ಮಗು ಯಾವುದಾದರೂ ಸೆಟ್‌ಯುಐಡಿ ಪ್ರೋಗ್ರಾಮ್ ಓಡಿಸಿದರೆ ಕರ್ನಲ್ ಪುಸ್ತಕ ನೋಡಿ ತಲೆಯಾಡಿಸುತ್ತದೆ. ಬಡ್ತಿ ಸಿಗುತ್ತದೆ, ಹಗ್ಗ ದಾಳಿಕೋರನ ಕೈಯಲ್ಲೇ ಇರುತ್ತದೆ. ಪಿಟ್ರೇಸ್‌ಗೆ ಕೈ ಇದೆ ಅಂದೆನಲ್ಲ, ಹಾಗಾಗಿ ಇಲ್ಲಿ ಓದುವುದಷ್ಟೇ ಅಲ್ಲ, ಪೂರ್ತಿ ರೂಟ್. ಲಿನಕ್ಸ್ 5.1.17ರಲ್ಲಿ ಇದನ್ನು ಸರಿಪಡಿಸಿದರು. ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಆಮೇಲೆ ಇದನ್ನು, ದಾಳಿಕೋರರು ನಿಜವಾಗಿ ಬಳಸುತ್ತಿರುವ ದೋಷಗಳ ಪಟ್ಟಿಗೆ ಸೇರಿಸಿತು.

ಇನ್ನೂ ಹಿಂದೆ, 2003ಕ್ಕೆ ಹೋಗಿ. ಲಿನಕ್ಸ್ 2.2 ಮತ್ತು 2.4ರ ಕಾಲ. ಬಳಕೆದಾರ ಏನನ್ನೋ ಕೇಳಿದಾಗ ಅದಕ್ಕೆ ಬೇಕಾದ ಕರ್ನಲ್ ಮಾಡ್ಯೂಲ್ (ಬೇಕಾದಾಗ ಕರ್ನಲ್‌ಗೆ ಸೇರಿಸುವ ತುಂಡು) ಇಲ್ಲದಿದ್ದರೆ, ಕರ್ನಲ್ ತಾನೇ ಒಂದು ಮಗು ಪ್ರೋಗ್ರಾಮ್ ಹುಟ್ಟಿಸಿ, ಅದಕ್ಕೆ ರೂಟ್ ಅಧಿಕಾರ ಕೊಟ್ಟು, ಮಾಡ್ಯೂಲ್ ತರಿಸಿಕೊಳ್ಳುತ್ತಿತ್ತು. ಆ ಮಗುವಿಗೆ ಬಳಕೆದಾರ ಪಿಟ್ರೇಸ್ ಹಚ್ಚಿಬಿಡಬಹುದಾಗಿತ್ತು. ಸರ್ವರ್ ರೂಮಿನಲ್ಲಿ ಆ ಕಾಲ ಕಳೆದವರಿಗೆ ಇದು ನೆನಪಿದ್ದೀತು.

2003, 2019, 2024. ಕೋಡ್ ಬೇರೆ, ಬರೆದವರು ಬೇರೆ, ಆಪರೇಟಿಂಗ್ ಸಿಸ್ಟಮ್ ಕೂಡ ಬೇರೆ. ಎಡವಿದ ಜಾಗ ಒಂದೇ. ನೋಡಲು ಅನುಮತಿ ಕೊಡುವ ಗಳಿಗೆ ಒಂದು, ನೋಡಿಸಿಕೊಳ್ಳುವವನ ಅಧಿಕಾರ ಬದಲಾಗುವ ಗಳಿಗೆ ಇನ್ನೊಂದು. ಎರಡರ ನಡುವೆ ಕಾಲ ಓಡಿರುತ್ತದೆ. ಮೊದಲನೆಯ ಗಳಿಗೆಯ ಉತ್ತರವನ್ನು ಎರಡನೆಯದಕ್ಕೆ ಹಾಗೇ ಬಳಸಿದರೆ ತೂತು ಬೀಳುತ್ತದೆ. ಹಳೇ ರೇಷನ್ ಕಾರ್ಡಿನಲ್ಲಿ ತೀರಿಹೋದವರ ಹೆಸರಿಗೂ ಅಕ್ಕಿ ಹೋಗುತ್ತದಲ್ಲ, ಹಾಗೆ.

ಟ್ರೇಸಿಂಗ್ ಸಾಧನಗಳ ಎಲ್ಲ ದೋಷವೂ ಇದೇ ಬಗೆಯದು ಎಂದಲ್ಲ. ಸಿಸ್ಟಮ್‌ಟ್ಯಾಪ್ ಎಂಬ ಟ್ರೇಸಿಂಗ್ ಸಾಧನದ 2010ರ ದೋಷ ಬೇರೆ ತರಹದ್ದು. ಅದರ ಸ್ಟಾಪ್‌ರನ್ ಪ್ರೋಗ್ರಾಮ್ ತಾನೇ ಸೆಟ್‌ಯುಐಡಿ. ಅದು ಇನ್ನೊಂದು ಕಮಾಂಡನ್ನು ಕರೆಯುವಾಗ ಬಳಕೆದಾರನ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು ತೊಳೆಯದೆ ಹಾಗೇ ಸಾಗಿಸುತ್ತಿತ್ತು. ಅಷ್ಟು ಸಾಕಾಯಿತು ರೂಟ್ ಆಗಲು. 2013ರಲ್ಲಿ, ಪ್ರೋಗ್ರಾಮ್‌ಗಳ ವೇಗ ಅಳೆಯುವ ಲಿನಕ್ಸ್‌ನ ಪರ್ಫ್ ಉಪವ್ಯವಸ್ಥೆಯಲ್ಲಿ ಸಿಕ್ಕಿದ್ದು 64 ಬಿಟ್ ಸಂಖ್ಯೆಯನ್ನು 32 ಬಿಟ್ ಎಂದುಕೊಂಡು ಪರೀಕ್ಷಿಸಿದ ತಪ್ಪು. ಇವು ಯಾವ ಪ್ರೋಗ್ರಾಮ್‌ನಲ್ಲಿ ಬೇಕಾದರೂ ಆಗುವಂಥವು, ಹಾಗಾಗಿ ಇಲ್ಲಿಗೆ ಬಿಡುತ್ತೇನೆ.

ಆದರೆ 2025ರ ಮೇ ತಿಂಗಳಲ್ಲಿ ಕ್ವಾಲಿಸ್ ಸಂಸ್ಥೆ ಹೊರಗೆಡಹಿದ ಎರಡು ದೋಷಗಳನ್ನು ಬಿಡಲಾಗದು. ಅವು ಈ ಮನೆತನದ್ದೇ. ಒಂದು ಉಬುಂಟು ಲಿನಕ್ಸ್‌ನ ಅಪೋರ್ಟ್‌ನಲ್ಲಿ, ಇನ್ನೊಂದು ಫೆಡೋರಾ, ರೆಡ್ ಹ್ಯಾಟ್ ಕಡೆಯ ಸಿಸ್ಟಮ್‌ಡಿ-ಕೋರ್‌ಡಂಪ್‌ನಲ್ಲಿ. ಇವು ಟ್ರೇಸಿಂಗ್ ಸಾಧನಗಳಲ್ಲ, ಸತ್ತ ಪ್ರೋಗ್ರಾಮ್‌ನ ಪೋಸ್ಟ್‌ಮಾರ್ಟಮ್ ಮಾಡುವಂಥವು. ಪ್ರೋಗ್ರಾಮ್ ಕ್ರ್ಯಾಶ್ ಆದಾಗ ಅದರ ಮೆಮೊರಿಯನ್ನು ಎತ್ತಿಟ್ಟು, ಸಂಬಂಧಪಟ್ಟವರಿಗೆ ತೋರಿಸುತ್ತವೆ. ದಾಳಿಕೋರ ಮೊದಲು ಒಂದು ಸೆಟ್‌ಯುಐಡಿ ಪ್ರೋಗ್ರಾಮನ್ನು ಬೇಕೆಂದೇ ಬೀಳಿಸುತ್ತಾನೆ. ಸಾಧನ ಬಂದು "ಇದು ಯಾರದು" ಎಂದು ನೋಡುವ ಮೊದಲೇ ಅದೇ ಪ್ರೋಸೆಸ್ ಸಂಖ್ಯೆಗೆ ತನ್ನ ಸಾದಾ ಪ್ರೋಗ್ರಾಮ್ ಒಂದನ್ನು ತಂದು ಕೂರಿಸುತ್ತಾನೆ. ಸಾಧನ ಹೊಸದನ್ನು ನೋಡಿ "ಓ, ಇವನದೇ" ಎಂದುಕೊಂಡು ಹಳೆಯದರ ಮೆಮೊರಿಯನ್ನು ಅವನ ಕೈಗೆ ಕೊಡುತ್ತದೆ. ಅದರಲ್ಲಿ ಸಿಗುವುದು ಮತ್ತೆ ಪಾಸ್‌ವರ್ಡ್ ಹ್ಯಾಶ್! ಮತ್ತೆ ಎರಡು ಗಳಿಗೆಗಳ ನಡುವಿನ ಸಂದಿ. ತಾತ್ಕಾಲಿಕ ಉಪಾಯ ಒಂದು ಸಾಲಿನದು: ಕರ್ನಲ್‌ನ ಸ್ಯೂಯಿಡ್-ಡಂಪಬಲ್ ಸೆಟ್ಟಿಂಗನ್ನು ಸೊನ್ನೆಗೆ ಇಳಿಸುವುದು. ಆಗ ಸೆಟ್‌ಯುಐಡಿ ಪ್ರೋಗ್ರಾಮ್‌ಗಳ ಕೋರ್ ಡಂಪ್, ಅಂದರೆ ಮೆಮೊರಿಯ ನಕಲು, ತೆಗೆಯುವುದೇ ಇಲ್ಲ.

ಇನ್ನು ನಮ್ಮ ಊರಿನ ಮಾತಿಗೆ ಬರುತ್ತೇನೆ. ಈ ದೋಷಗಳಿಗೆಲ್ಲ ಒಂದು ಹಣೆಪಟ್ಟಿ ಇರುತ್ತದೆ, "ಲೋಕಲ್" ಎಂದು. ಅಂದರೆ ದಾಳಿಕೋರನಿಗೆ ಆ ಮಶೀನಿನಲ್ಲಿ ಮೊದಲೇ ಒಂದು ಲಾಗಿನ್ ಇರಬೇಕು. ಪ್ಯಾಚ್ ಮೀಟಿಂಗ್‌ಗಳಲ್ಲಿ ಈ ಪದ ಕಂಡ ಕೂಡಲೇ ಎಲ್ಲರ ಭುಜ ಕೆಳಗಿಳಿಯುತ್ತದೆ. "ಲೋಕಲ್ ಅಷ್ಟೇ ಅಲ್ವಾ, ಮುಂದಿನ ತಿಂಗಳು ನೋಡೋಣ." ನಾನೂ ಅಂದಿದ್ದೇನೆ. ಈಗ ಅನ್ನುವುದಿಲ್ಲ, ಯಾಕೆಂದರೆ ಲೋಕಲ್ ಅನ್ನುವುದು ಯಾವ ಮಶೀನ್ ಅನ್ನುವುದರ ಮೇಲೆ ನಿಂತಿದೆ.

ಭೋಸರಿಯ ಎಂಐಡಿಸಿಯಲ್ಲಿ ನಮ್ಮ ಊರಿನವರೊಬ್ಬರ ಚಿಕ್ಕ ಫ್ಯಾಕ್ಟರಿ ಇದೆ. ಅವರ ಫೈರ್‌ವಾಲ್ ಪಿಎಫ್‌ಸೆನ್ಸ್, ಅದರ ಅಡಿಯಲ್ಲಿರುವುದು ಫ್ರೀಬಿಎಸ್‌ಡಿ. ಸುದ್ದಿ ಓದಿ ಗಾಬರಿಯಾಗಿ ಫೋನ್ ಮಾಡಿದ್ದರು. ನಾನು ಹೇಳಿದೆ, "ಕಾಕಾ, ಅದರೊಳಗ ಲಾಗಿನ್ ಆಗೋರು ಯಾರು? ನಾನೊಬ್ಬನೇ. ನಾನು ಹೆಂಗಿದ್ರೂ ಅಡ್ಮಿನ್. ಅಪ್‌ಡೇಟ್ ಬಂದಾಗ ಹಾಕೋಣ, ನಿದ್ದಿ ಮಾಡ್ರಿ." ಆ ಮಶೀನಿನಲ್ಲಿ ಮಾಮೂಲಿ ಬಳಕೆದಾರ ಅನ್ನುವವನೇ ಇಲ್ಲ. ಅಲ್ಲಿ ಈ ದೋಷಕ್ಕೆ ಹಲ್ಲಿಲ್ಲ.

ಹತ್ತಾರು ಜನ ಒಂದೇ ಮಶೀನಿಗೆ ಲಾಗಿನ್ ಆಗುವ ಜಾಗ ಬೇರೆ. ಪುಣೆಯಲ್ಲಿ ಅಂಥವು ಜಾಸ್ತಿ. ಇದು ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಹುಟ್ಟಿದ ಊರು. 1991ರಲ್ಲಿ ಪರಮ್ 8000 ಸೂಪರ್‌ಕಂಪ್ಯೂಟರ್ ಇಲ್ಲೇ ತಯಾರಾಯಿತು. ಇವತ್ತು ಐಸರ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಪರಮ್ ಬ್ರಹ್ಮ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾದ ಮೂರು ಪರಮ್ ರುದ್ರಗಳಲ್ಲಿ ಒಂದು ಪುಣೆಯದೇ, ನಾರಾಯಣಗಾಂವ್ ಕಡೆಯ ಜಿಎಂಆರ್‌ಟಿ ರೇಡಿಯೋ ದೂರದರ್ಶಕದ ಕೆಲಸಕ್ಕೆ. ಇಂಥ ಮಶೀನ್‌ಗಳಿರುವುದೇ ಹಂಚಿಕೊಂಡು ಬಳಸಲು. ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ಸರ್ವರ್ ಕೂಡ ಹಾಗೇ, ಒಂದೊಂದು ಬ್ಯಾಚಿಗೂ ಅಕೌಂಟ್. ನಮ್ಮ ಐಟಿ ಆಫೀಸುಗಳ ಜಂಪ್ ಸರ್ವರ್, ಅಂದರೆ ಒಳಗಿನ ಮಶೀನ್‌ಗಳಿಗೆ ಹೋಗಲು ಎಲ್ಲರೂ ದಾಟಬೇಕಾದ ಸರ್ವರ್ ಅಂತೂ ಬಸ್ ಸ್ಟ್ಯಾಂಡ್ ಇದ್ದ ಹಾಗೆ. ಉದ್ಯೋಗಿ, ಕಾಂಟ್ರ್ಯಾಕ್ಟರ್, ಹೋದ ವರ್ಷವೇ ಕೆಲಸ ಬಿಟ್ಟವರು, ಎಲ್ಲರ ಅಕೌಂಟೂ ಅಲ್ಲಿರುತ್ತದೆ. ಅಂಥ ಕಡೆ "ಲೋಕಲ್" ಅಂದರೆ ಮುನ್ನೂರು ಜನ. ಅದರಲ್ಲಿ ಒಬ್ಬನ ಪಾಸ್‌ವರ್ಡ್ ಫಿಶಿಂಗ್‌ನಲ್ಲಿ ಹೋದರೂ ಸಾಕು. ಹೊರಗಿನವನು ಲೋಕಲ್ ಆಗಿಬಿಡುತ್ತಾನೆ.

ಪುಣೆ ಮತ್ತು ಪಿಟ್ರೇಸ್ ಎಂದಾಗ ನನಗೆ ಇನ್ನೊಂದು ವಿಷಯ ನೆನಪಾಗುತ್ತದೆ. 2018ರ ಆಗಸ್ಟ್‌ನಲ್ಲಿ ಇಲ್ಲಿನ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಕದ್ದರು. ಅದರಲ್ಲಿ ದೊಡ್ಡ ಪಾಲು 28 ದೇಶಗಳ ಎಟಿಎಂಗಳಲ್ಲಿ, ನಕಲಿ ಕಾರ್ಡ್‌ಗಳಿಂದ ಹೋಯಿತು. ಎಟಿಎಂ ಕೇಳುವ "ಕೊಡಲಾ?" ಎಂಬ ಪ್ರಶ್ನೆಗೆ ಬ್ಯಾಂಕಿನ ಬದಲು ಕಳ್ಳರೇ "ಕೊಡು" ಎಂದು ಉತ್ತರಿಸುವ ಏರ್ಪಾಡು. ವಿಶ್ವಸಂಸ್ಥೆಯ ತಜ್ಞರ ತಂಡ ಇದನ್ನು ಉತ್ತರ ಕೊರಿಯಾದ ಲೆಕ್ಕಕ್ಕೆ ಬರೆಯಿತು. ಆ ದಾಳಿಯಲ್ಲಿ ಟ್ರೇಸಿಂಗ್ ದೋಷ ಬಳಕೆಯಾಯಿತು ಎಂದು ನಾನು ಹೇಳುತ್ತಿಲ್ಲ. ಹೇಳಬೇಕಾದ್ದು ಬೇರೆ. ಎಟಿಎಂಗಳಿಗೆ ಸುಳ್ಳು ಉತ್ತರ ಕೊಡಿಸುವ ಫಾಸ್ಟ್‌ಕ್ಯಾಶ್ ಎಂಬ ಮಾಲ್‌ವೇರ್ ಬಳಗವೇ ಇದೆ. ಅದನ್ನೂ ಉತ್ತರ ಕೊರಿಯಾದವರದ್ದೆಂದೇ ಗುರುತಿಸಿದ್ದಾರೆ. ಮೊದಲು ಸಿಕ್ಕಿದ್ದು ಐಬಿಎಂನ ಎಐಎಕ್ಸ್ ಮಶೀನ್‌ಗಳಿಗೆ ಬರೆದದ್ದು. 2024ರ ಅಕ್ಟೋಬರ್‌ನಲ್ಲಿ ಅದರ ಲಿನಕ್ಸ್ ರೂಪ ಬೆಳಕಿಗೆ ಬಂತು. ಅದು ಪೇಮೆಂಟ್ ಸ್ವಿಚ್‌ನಲ್ಲಿ (ಎಟಿಎಂ ಮತ್ತು ಬ್ಯಾಂಕಿನ ನಡುವೆ ಸಂದೇಶ ಸಾಗಿಸುವ ಸರ್ವರ್) ಓಡುತ್ತಿರುವ ಪ್ರೋಗ್ರಾಮ್ ಒಳಗೆ ನುಸುಳುವುದು ಪಿಟ್ರೇಸ್ ಮೂಲಕ. ಒಳಗೆ ಕೂತು ಬರುವ ಸಂದೇಶಗಳನ್ನು ಹಿಡಿದು, ತಿರಸ್ಕಾರವಾಗಬೇಕಾದ ವ್ಯವಹಾರವನ್ನು ಒಪ್ಪಿಗೆಯಾಗಿಸುತ್ತದೆ.

ಇಲ್ಲಿ ಕರ್ನಲ್ ದೋಷ ಏನೂ ಬೇಕಿಲ್ಲ. ಅಧಿಕಾರ ಈಗಾಗಲೇ ಕೈಗೆ ಬಂದಿರುತ್ತದೆ, ಪಿಟ್ರೇಸ್ ತನ್ನ ಕೆಲಸವನ್ನು ನಿಯತ್ತಾಗಿ ಮಾಡುತ್ತದೆ. ಹಾಗಾಗಿ ಬರೀ ಪ್ಯಾಚ್ ಹಾಕಿದರೆ ಮುಗಿಯಲಿಲ್ಲ. ದುಡ್ಡಿನ ವ್ಯವಹಾರ ನಡೆಯುವ ಮಶೀನಿನಲ್ಲಿ ಪಿಟ್ರೇಸ್ ಬೇಕೇ ಎಂದು ಮೊದಲು ಕೇಳಬೇಕು. ಲಿನಕ್ಸ್‌ನಲ್ಲಿ ಯಾಮಾ ಎಂಬ ಭದ್ರತಾ ಘಟಕ ಇದೆ. ಅದರ ಪಿಟ್ರೇಸ್-ಸ್ಕೋಪ್ ಸೆಟ್ಟಿಂಗ್‌ಗೆ 0ರಿಂದ 3ರವರೆಗೆ ನಾಲ್ಕು ಬೆಲೆ. ಉಬುಂಟು 1ರಲ್ಲಿ ಇಟ್ಟಿರುತ್ತದೆ, ಅಂದರೆ ತಾನು ಹುಟ್ಟಿಸಿದ ಪ್ರೋಗ್ರಾಮನ್ನು ಮಾತ್ರ ಟ್ರೇಸ್ ಮಾಡಬಹುದು. 2 ಅಂದರೆ ಅಡ್ಮಿನ್‌ಗೆ ಮಾತ್ರ. 3 ಅಂದರೆ ಯಾರಿಗೂ ಇಲ್ಲ, ರೂಟ್‌ಗೂ ಇಲ್ಲ, ರೀಬೂಟ್ ಆಗುವವರೆಗೆ ಹಿಂದೆ ಪಡೆಯುವಂತೆಯೂ ಇಲ್ಲ. ಪೇಮೆಂಟ್ ಮಶೀನ್‌ಗೆ 3, ಹಂಚಿಕೊಂಡು ಬಳಸುವ ಸರ್ವರ್‌ಗೆ 2, ಡೆವಲಪರ್‌ಗಳ ಸ್ವಂತ ಮಶೀನ್‌ಗೆ 1. ಇದು ನನ್ನ ಲೆಕ್ಕ. ಆದರೆ ಪಿಟ್ರೇಸ್ ಬಾಗಿಲು ಮುಚ್ಚಿದರೂ ರೂಟ್‌ಗೆ ಬೇರೆ ದಾರಿಗಳಿವೆ, ಅದು ನೆನಪಿರಲಿ.

ಪೂರ್ತಿ ಮುಚ್ಚಿಬಿಡೋಣ ಅನ್ನುವವರೂ ಇದ್ದಾರೆ. ನನ್ನ ಹಳೆಯ ಕೆಲಸದ ಕಡೆ ಒಮ್ಮೆ ಎಲ್ಲ ಸರ್ವರ್‌ಗಳಿಂದ ಎಸ್‌ಟ್ರೇಸ್ ಕಿತ್ತುಹಾಕಿದರು. ಎಸ್‌ಟ್ರೇಸ್ ಒಂದು ಸಾದಾ ಪ್ರೋಗ್ರಾಮ್. ಯಾರು ಬೇಕಾದರೂ ತಮ್ಮ ಫೋಲ್ಡರಿಗೆ ತಂದು ಓಡಿಸಬಹುದು. ತೂತು ಕರ್ನಲ್‌ನಲ್ಲಿದ್ದರೆ ಕಮಾಂಡ್ ಅಳಿಸಿ ಏನು ಬಂತು? ಕಳ್ಳನಿಗೆ ಅಡ್ಡಿಯಾಗಲಿಲ್ಲ. ನಾವು ಮಾತ್ರ ತೊಂದರೆ ಬಂದಾಗಲೆಲ್ಲ ಕತ್ತಲಲ್ಲಿ ತಡಕಾಡಿದೆವು. ಕೊನೆಗೆ ಡೆವಲಪರ್‌ಗಳು ಏನು ಮಾಡಿದರು ಗೊತ್ತಾ? ಪ್ರೋಗ್ರಾಮ್‌ಗಳನ್ನು ಬೇರೆಯಾಗಿ ಕೂಡಿಡುವ ಕಂಟೇನರ್‌ಗಳನ್ನು, ಕಾವಲು ತೆಗೆದ ಪ್ರಿವಿಲೆಜ್ಡ್ ಮೋಡ್‌ನಲ್ಲಿ ಓಡಿಸಲು ಶುರು ಮಾಡಿದರು, ಅದರೊಳಗೆ ಟ್ರೇಸಿಂಗ್ ಸಿಗಲಿ ಎಂದು. ಇಲಿ ಬರುತ್ತದೆಂದು ಕಿಟಕಿ ಮುಚ್ಚಿ, ಗೋಡೆ ಒಡೆದಂತಾಯಿತು.

ದಾರಿ ಇರುವುದು ಅಧಿಕಾರವನ್ನು ಚೂರು ಮಾಡುವುದರಲ್ಲಿ. 2020ರ ಲಿನಕ್ಸ್ 5.8ರಿಂದ ಪರ್ಫ್‌ಗೇ ಒಂದು, ಕರ್ನಲ್ ಒಳಗೆ ಪುಟ್ಟ ಪ್ರೋಗ್ರಾಮ್ ಓಡಿಸುವ ಬಿಪಿಎಫ್‌ಗೇ ಒಂದು ಎಂದು ಬೇರೆ ಬೇರೆ ಅನುಮತಿಗಳಿವೆ. ಟ್ರೇಸ್ ಮಾಡಲು ಪೂರ್ತಿ ರೂಟ್ ಕೊಡಬೇಕಿಲ್ಲ. ಇನ್ನೊಂದು ದಾರಿ, ಸೆಟ್‌ಯುಐಡಿ ಪ್ರೋಗ್ರಾಮ್‌ಗಳನ್ನೇ ಕಮ್ಮಿ ಮಾಡುವುದು. ನಿಮ್ಮ ಸರ್ವರ್‌ನಲ್ಲಿ ಆ ಗುರುತಿರುವ ಫೈಲುಗಳು ಎಷ್ಟಿವೆ ಎಂದು ಫೈಂಡ್ ಕಮಾಂಡ್‌ನಿಂದ ಹುಡುಕಿ ನೋಡಿ. ಅರ್ಧದಷ್ಟು ನೀವು ಯಾವತ್ತೂ ಬಳಸದವು ಇರುತ್ತವೆ. ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿಯವರು 2024ರ ಜೂನ್‌ನಲ್ಲಿ, 256ನೇ ಆವೃತ್ತಿಯಲ್ಲಿ, ಸುಡೊ ಬದಲಿಗೆ ರನ್‌0 ಎಂಬ ಕಮಾಂಡ್ ತಂದರು. ಅದಕ್ಕೆ ಸೆಟ್‌ಯುಐಡಿ ಬೇಕಿಲ್ಲ. ಬಳಕೆದಾರನ ಪ್ರೋಗ್ರಾಮ್‌ಗೆ ಬಡ್ತಿ ಕೊಡುವ ಬದಲು, ಮೊದಲೇ ರೂಟ್ ಆಗಿ ಒಳಗೆ ಕೂತಿರುವ ಸರ್ವಿಸ್ ಒಂದಕ್ಕೆ "ಇದನ್ನು ಮಾಡಿಕೊಡು" ಎಂದು ಕೇಳುತ್ತದೆ. ನಮ್ಮ ಉದಾಹರಣೆಯಲ್ಲಿ ಹೇಳುವುದಾದರೆ, ಅರ್ಚಕರು ಹೊರಗೆ ಬರುವುದೇ ಇಲ್ಲ, ಕ್ಯಾಮೆರಾ ಸಿಕ್ಕಿಸಲು ಹೆಗಲೇ ಸಿಗುವುದಿಲ್ಲ. ನನಗೆ ಇದು ಇಷ್ಟವಾಯಿತು. ಸುಡೊ ಅಷ್ಟು ಬೇಗ ಹೋಗುತ್ತದೆ ಎಂಬ ಭ್ರಮೆ ಮಾತ್ರ ಇಲ್ಲ.

ಫ್ರೀಬಿಎಸ್‌ಡಿ ಇಟ್ಟುಕೊಂಡವರಿಗೆ ಎರಡು ಮಾತು. ಇದು ಕರ್ನಲ್‌ನಲ್ಲಿನ ದೋಷ, ಅಪ್‌ಡೇಟ್ ಹಾಕಿದರೆ ಸಾಲದು, ರೀಬೂಟ್ ಆಗಲೇಬೇಕು. ಎರಡನೆಯದು, ಪ್ಯಾಚ್ ಹಾಕುವ ಮೊದಲು ಯಾರಾದರೂ ಹ್ಯಾಶ್ ಎತ್ತಿಕೊಂಡು ಹೋಗಿದ್ದರೆ ಪ್ಯಾಚ್ ಅದನ್ನು ವಾಪಸ್ ತರುವುದಿಲ್ಲ. ಕೆಟ್ರೇಸ್ ಓಡಿಸಿದ್ದಕ್ಕೆ ಸಾಮಾನ್ಯವಾಗಿ ಎಲ್ಲೂ ಲಾಗ್ ಬೀಳುವುದಿಲ್ಲ, ಫೈಲ್ ಅಳಿಸಿದರೆ ಕುರುಹೂ ಇರುವುದಿಲ್ಲ. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಡಬೇಕು, ಘಟನೆ ಕಂಡ 6 ಗಂಟೆಯೊಳಗೆ ತಿಳಿಸಬೇಕು. ಕಾಣದ ಘಟನೆಯನ್ನು ಯಾರಿಗೆ ತಿಳಿಸುವುದು? ಹಲವು ಜನ ಬಳಸುವ ಮಶೀನ್ ಆದರೆ ಎಲ್ಲರ ಪಾಸ್‌ವರ್ಡ್ ಬದಲಿಸಿಬಿಡುವುದೇ ಒಳ್ಳೆಯದು. ಬೈಯುತ್ತಾರೆ, ಬೈಯಲಿ.

ರೀಬೂಟ್ ಅನ್ನುವುದೇ ಪುಣೆಯಲ್ಲಿ ದೊಡ್ಡ ಕಥೆ. 2024ರ ಆ ಸೂಚನೆ ಬಂದದ್ದು ಆಗಸ್ಟ್ 7ಕ್ಕೆ, ಗಣೇಶ ಚೌತಿ ಸರಿಯಾಗಿ ಒಂದು ತಿಂಗಳಿಗೆ, ಸೆಪ್ಟೆಂಬರ್ 7ಕ್ಕೆ. ಈ ಊರಲ್ಲಿ ಗಣಪತಿ ಹತ್ತಿರ ಬಂತೆಂದರೆ ಎಲ್ಲ ಕೆಲಸವೂ "ವಿಸರ್ಜನೆ ಆದಮೇಲೆ" ಪಟ್ಟಿಗೆ ಹೋಗುತ್ತದೆ. ಅದಾದ ಮೇಲೆ ತ್ರೈಮಾಸಿಕದ ಕೊನೆ, ಆಮೇಲೆ ದಸರಾ, ದೀಪಾವಳಿ. ಹೀಗೇ ಸರ್ವರ್‌ಗಳು ನಾನೂರು ದಿನ ಎದ್ದೇ ಇರುತ್ತವೆ, ಅಪ್‌ಟೈಮ್ ನೋಡಿ ಹೆಮ್ಮೆ ಪಡುವವರೂ ಇದ್ದಾರೆ.

ನಮ್ಮ ಜಂಪ್ ಸರ್ವರ್‌ಗೆ ಈ ಭಾನುವಾರ ಬೆಳಿಗ್ಗೆ ಐದಕ್ಕೆ ರೀಬೂಟ್ ಇಟ್ಟಿದ್ದೇನೆ. ಧಾರವಾಡದ ಹುಡುಗನಿಗೆ ಮೆಸೇಜ್ ಹಾಕಿದೆ. ಅರ್ಧ ಗಂಟೆ ಬಿಟ್ಟು ಉತ್ತರ ಬಂತು.

"ಸರ್ರ, ಹಬ್ಬ ಮುಗದ ಮ್ಯಾಲ ಇಟ್ಕೊಂಡ್ರ ನಡಿಯಂಗಿಲ್ಲೇನ್ರಿ?"